ಮೊದಲು ಕಾಸು, ಆಮೇಲೆ ನಂಬರು

ನಮ್ಮಣ್ಣನಿಗೆ ತಲೆ ಕೆಟ್ಟಿದೆ ಎಂದು ಬಸ್ ನಿಲ್ದಾಣದಲ್ಲಿ ಎಲ್ಲರೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಊರವರ ಬಾಯಿಗೆ ಬೀಗ ಹಾಕುತ್ತಾ ಕೂರಲು ನನಗೇನು ಬೇರೆ ಕೆಲಸವಿಲ್ಲವೇ? ಐವತ್ತೆರಡು ವರ್ಷದ ಮನುಷ್ಯ. ಬೆಳಗಿನಿಂದ ಜೆರಾಕ್ಸ್ ಅಂಗಡಿಯಲ್ಲಿ ನಿಂತೇ ಕೆಲಸ ಮಾಡುತ್ತಾನೆ, ಒಂದು ಹಾಳೆ ಓರೆಯಾಗಿ ಬಂದರೂ ಹರಿದು ಹಾಕಿ ಇನ್ನೊಂದು ತೆಗೆದು ಕೊಡುತ್ತಾನೆ. ತಲೆ ಕೆಟ್ಟವನು ಮಾಡುವ ಕೆಲಸವಾ ಅದು? ಸಂಜೆ ಆರಕ್ಕೆ ಕೈಯ ಮಸಿ ತೊಳೆದುಕೊಂಡು, ಜೇಬಿಗೆ ಒಂದು ಹಿಡಿ ನಾಣ್ಯ ಸುರಿದುಕೊಂಡು ನಿಲ್ದಾಣಕ್ಕೆ ಹೊರಡುತ್ತಾನೆ. ಗುರುತು ಪರಿಚಯವಿಲ್ಲದವರ ಮುಂದೆ ನಿಂತು, ಅಂಗೈ ಚಾಚಿ, "ತಗೊಳ್ಳಿ, ಯಾರಿಗಾದ್ರೂ ಫೋನ್ ಮಾಡೋದಿದ್ರೆ ಮಾಡಿ" ಎನ್ನುತ್ತಾನೆ.

ಅದೂ ಈ ಕಾಲದಲ್ಲಿ! ಎಲ್ಲರ ಕೈಯಲ್ಲೂ ಮೊಬೈಲು. "ನಮ್ಮತ್ರ ಇದೆ ಕಣ್ರೀ" ಎಂದು ತೋರಿಸಿದರೂ ಇವನು ಜಗ್ಗುವುದಿಲ್ಲ. "ಇರ್ಲಿ, ಇಟ್ಕೊಳ್ಳಿ" ಎಂದು ಕೈಗೆ ತುರುಕಿ ಮುಂದಕ್ಕೆ ಹೋಗುತ್ತಾನೆ. ಬೇಡುವವರನ್ನು ಕಂಡರೆ ಜನ ಮುಖ ತಿರುಗಿಸುತ್ತಾರೆ, ಸರಿ. ಕೊಡುವವನನ್ನು ಕಂಡರೆ ಎರಡು ಹೆಜ್ಜೆ ಹಿಂದಕ್ಕೇ ಸರಿಯುತ್ತಾರೆ ಎಂಬುದು ನನಗೆ ತಿಳಿದದ್ದು ಇವನಿಂದ. ಒಬ್ಬ ನಾಣ್ಯವನ್ನು ಕಲ್ಲಿಗೆ ಬಡಿದು ನೋಡಿದನಂತೆ, ಖೋಟಾ ಇರಬಹುದೆಂದು. ಇನ್ನೊಬ್ಬ, "ಯಾವ ಪಾರ್ಟಿ ಕಡೆಯಿಂದ?" ಎಂದು ಕೇಳಿ, "ಬರೀ ಇಷ್ಟೇನಾ?" ಎಂದು ರೇಗಿದನಂತೆ. ನಿಲ್ದಾಣದವರು ಅವನಿಗೆ ಚಿಲ್ಲರೆ ಮಾಮ ಎಂದು ಹೆಸರಿಟ್ಟಿದ್ದಾರೆ.

ನಾನು ಅವನ ತಂಗಿ. ಶರಟಿನ ಕಾಲರು ಹೊಲಿಯುತ್ತೇನೆ. ಗಂಡನನ್ನು ಬಿಟ್ಟು ಬಂದವಳು. ನನ್ನ ಬಾಯಿಗೆ ಹೆದರಿ ಅವನೇ ಓಡಿಹೋದ ಎನ್ನುವವರೂ ಇದ್ದಾರೆ, ಅದೂ ಪೂರ್ತಿ ಸುಳ್ಳಲ್ಲ. ಎರಡು ಕೋಣೆಯ ಮನೆಯಲ್ಲಿ ಅಣ್ಣ ತಂಗಿ ಇಬ್ಬರೇ ಇದ್ದೇವೆ.

ಇಪ್ಪತ್ತನಾಲ್ಕು ವರ್ಷದ ಹಿಂದೆ ಈ ಜೆರಾಕ್ಸ್ ಅಂಗಡಿ ಫೋನ್ ಅಂಗಡಿಯಾಗಿತ್ತು. ಗಾಜಿನ ಗೂಡಿನೊಳಗೆ ಒಂದು ಫೋನು, ಹೊರಗೆ ಸ್ಟೂಲಿನ ಮೇಲೆ ನಮ್ಮಣ್ಣ. ಮೊದಮೊದಲು ಜನ ಮಾತಾಡಿ ಮುಗಿಸಿ, ಕಾಸಿಲ್ಲವೆಂದು ಕೈ ಆಡಿಸಿ ಹೋಗುತ್ತಿದ್ದರು. ಮಾಲೀಕ ಅದನ್ನೆಲ್ಲ ಇವನ ಸಂಬಳದಲ್ಲಿ ಹಿಡಿದುಕೊಂಡ. ಅಂದಿನಿಂದ ಇವನೊಂದು ಪದ್ಧತಿ ಮಾಡಿಕೊಂಡ: ಮೊದಲು ಕಾಸು, ಆಮೇಲೆ ನಂಬರು. ಕಾಸು ಮೇಜಿನ ಮೇಲೆ ಬೀಳುವ ತನಕ ನಂಬರು ಬರೆದ ಚೀಟಿಯ ಕಡೆ ಕಣ್ಣೆತ್ತಿಯೂ ನೋಡುತ್ತಿರಲಿಲ್ಲ.

ಒಂದು ಮಧ್ಯಾಹ್ನ ಏದುಸಿರು ಬಿಡುತ್ತಾ ಒಬ್ಬ ಹೆಂಗಸು ಬಂದಳು. ಒಂದು ರೂಪಾಯಿ ಕಡಿಮೆ ಇತ್ತು. "ನಿಲ್ದಾಣದಲ್ಲಿ ಯಾರೋ ಯಜಮಾನ್ರಿಗೆ ಹುಷಾರಿಲ್ಲ, ಅವರ ಮನೆಯವರಿಗೆ ತಿಳಿಸ್ಬೇಕು. ನಂಬರ್ ಇಲ್ಲಿದೆ ನೋಡಿ" ಎಂದು ಚೀಟಿ ಮುಂದೆ ಹಿಡಿದಳು. ಇವನು ದಿನಕ್ಕೆ ಹತ್ತು ಜನರ ಬಾಯಲ್ಲಿ ಇಂಥ ಕಥೆ ಕೇಳುತ್ತಿದ್ದವನು. ನಕ್ಕುಬಿಟ್ಟ. "ಅಮ್ಮಾ, ನನ್ನ ಅಂಗಡಿಗೆ ಬರೋರ ಮನೇಲಿ ಒಬ್ಬರಾದ್ರೂ ಹುಷಾರಾಗಿದಾರಾ? ಮೊದಲು ಕಾಸು" ಎಂದ. ಅವಳು ಇವನ ಮುಖವನ್ನೊಮ್ಮೆ ನೋಡಿ ಹೊರಟುಹೋದಳು.

ಕಾಲು ಗಂಟೆ ಕಳೆದ ಮೇಲೆ ಗೂಡಿನ ಫೋನು ರಿಂಗಾಯಿತು. ಇವನು ಎತ್ತಿಕೊಂಡ. ಅದೇ ಹೆಂಗಸಿನ ದನಿ. ಎರಡು ಬೀದಿ ಆಚೆಯ ಔಷಧಿ ಅಂಗಡಿಯಿಂದ ಮಾತಾಡುತ್ತಿದ್ದಳು. "ನಿಮ್ಮ ತಂದೆ ನಿಲ್ದಾಣದಲ್ಲಿ ಬಿದ್ದಿದಾರೆ. ತುಂಬಾ ಸೀರಿಯಸ್ಸು, ಬೇಗ ಬನ್ನಿ" ಎಂದಳು.

ಅವಳ ಕೈಯಲ್ಲಿದ್ದದ್ದು ಈ ಅಂಗಡಿಯದೇ ನಂಬರು. ಬರೆದುಕೊಟ್ಟವಳು ನಾನು. ಅಪ್ಪನಿಗೆ ಎಲ್ಲಾದರೂ ತಲೆ ಸುತ್ತಿದರೆ ಬೇಕಾಗುತ್ತದೆಂದು, ‘ಮಗನ ಅಂಗಡಿ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಜೇಬಿಗೆ ಹಾಕಿದ್ದೆ. ಅವಳು ಅದನ್ನು ಇವನ ಮೂಗಿನ ಮುಂದೆಯೇ ಹಿಡಿದಿದ್ದಳು. ಇವನು ನೋಡಲಿಲ್ಲ. ಇವನು ಓಡಿಹೋಗುವಷ್ಟರಲ್ಲಿ ಅಪ್ಪನ ಮುಖದ ಮೇಲೆ ಯಾರದೋ ಟವೆಲು ಬಿದ್ದಿತ್ತು.

ಆ ಕಾಲು ಗಂಟೆಯಲ್ಲಿ ಅಪ್ಪ ಬದುಕಿದ್ದ, ತನ್ನ ದಾರಿ ನೋಡುತ್ತಿದ್ದ ಎಂಬುದು ಅಣ್ಣನ ಎದೆಯಲ್ಲಿ ಕೂತುಬಿಟ್ಟಿತು. ಗೋಡೆ ಕಡೆ ತಿರುಗಿ ಮಲಗಿದವನು ಅನ್ನ ಮುಟ್ಟಲಿಲ್ಲ. ಅಂಗಡಿಗೆ ಹಿಂದಿರುಗಿದ ಮೇಲೂ ಫೋನು ರಿಂಗಾದರೆ ಎರಡೂ ಕೈಯಲ್ಲಿ ಸ್ಟೂಲು ಹಿಡಿದುಕೊಳ್ಳುತ್ತಿದ್ದ. ಈಗಲೂ ಹಗಲು ಹೊತ್ತಿನಲ್ಲೇ, ಮಾತಿನ ನಡುವೆ, "ಫೋನ್ ರಿಂಗಾಗ್ತಿದೆ ಅಲ್ವಾ?" ಎಂದು ತಟ್ಟನೆ ತಲೆ ಎತ್ತುತ್ತಾನೆ. ನಮ್ಮ ಮನೆಯಲ್ಲಿ ರಿಂಗಾಗುವ ಫೋನೇ ಇಲ್ಲ.

ಇನ್ನು ನನ್ನ ಪಾಲಿನದು ಹೇಳಬೇಕು.

ಅಪ್ಪ ಹೋದ ಐದನೆಯ ದಿನ ಆ ಹೆಂಗಸು ವಿಳಾಸ ಹುಡುಕಿಕೊಂಡು ಮನೆಗೆ ಬಂದಳು. ಅಣ್ಣ ಒಳಗೆ ಮಲಗಿದ್ದ, ಬಾಗಿಲು ತೆರೆದವಳು ನಾನು. ಅವಳು ದನಿ ತಗ್ಗಿಸಿ ಹೇಳಿದಳು: "ನಾನು ಅಂಗಡಿಗೆ ಹೋಗೋ ಮುಂಚೇನೇ ನಿಮ್ಮ ತಂದೆ ಉಸಿರು ನಿಂತಿತ್ತಮ್ಮ. ಅಲ್ಲಿದ್ದ ಬಸ್ ಡ್ರೈವರು ನಾಡಿ ನೋಡಿ ಆಗಿತ್ತು. ಸತ್ತೋದ್ರು ಅಂತ ಹೇಳೋಕೆ ಬಾಯಿ ಬರ್ಲಿಲ್ಲ, ಅದಕ್ಕೇ ಹುಷಾರಿಲ್ಲ, ಸೀರಿಯಸ್ಸು ಅಂದೆ. ನಿಮ್ಮಣ್ಣನಿಗೆ ಹೇಳ್ಬಿಡಿ, ಪಾಪ, ಕೊರಗಬಾರದು."

"ಹೇಳ್ತೀನಿ" ಎಂದು ಬಾಗಿಲು ಹಾಕಿಕೊಂಡೆ. ಹೇಳಲಿಲ್ಲ. ನನಗೆ ಅಣ್ಣನ ಮೇಲೆ ಸಿಟ್ಟಿತ್ತು. ಅಪ್ಪನ ಸುದ್ದಿ ಹೊತ್ತು ಬಂದವಳ ಮುಂದೆ ನಕ್ಕನಲ್ಲ, ಎರಡು ದಿನ ಬೇಯಲಿ ಎಂದುಕೊಂಡೆ. ಎರಡು ದಿನ ಎರಡು ತಿಂಗಳಾಯಿತು. ಅಷ್ಟರಲ್ಲಿ ಅವನು ನಾಣ್ಯ ಹಿಡಿದು ಬೀದಿಗಿಳಿದಿದ್ದ. ಈಗ ಹೇಳಿದರೆ ಇಷ್ಟು ದಿನ ಯಾಕೆ ಮುಚ್ಚಿಟ್ಟೆ ಅನ್ನುತ್ತಾನಲ್ಲ ಎಂದು ಹೆದರಿದೆ. ಊರಿಗೆಲ್ಲ ಮುಖಕ್ಕೆ ಹೊಡೆದ ಹಾಗೆ ಮಾತಾಡುವ ನನಗೆ ಅದೊಂದು ಮಾತು ಆಡಲಾಗಲಿಲ್ಲ.

ಹೋದ ತಿಂಗಳು ನಿಲ್ದಾಣದಲ್ಲಿ ಒಬ್ಬಳೇ ನಿಂತಿದ್ದ ಹುಡುಗಿಯೊಬ್ಬಳ ಮುಂದೆ ಹೋಗಿ ಕೈ ಚಾಚಿದ್ದಾನೆ. ಪಾಪ, ಅವಳು ಹೆದರಿ ಕಿರುಚಿದಳು. ಯಾರು, ಏನು, ಎತ್ತ ಎಂದು ವಿಚಾರಿಸದೆ ಜನ ಸೇರಿಕೊಂಡು ಹೊಡೆದರು. ಹಣೆಗೆ ಆರು ಹೊಲಿಗೆ. ಎಡಗೈ ಮುರಿದಿತ್ತು. ಆಸ್ಪತ್ರೆಯಲ್ಲಿ ಅವನನ್ನು ನೋಡಿದಾಗ, ಇದನ್ನು ಬಿಡದಿದ್ದರೆ ಇನ್ನೊಂದು ದಿನ ಇವನ ಹೆಣವೇ ಮನೆಗೆ ಬರುತ್ತದೆ ಅನ್ನಿಸಿತು. ಅವನನ್ನು ತಡೆಯಬಲ್ಲ ಮಾತು ಇದ್ದದ್ದು ಒಂದೇ, ಅದೂ ನನ್ನ ಹತ್ತಿರ.

ಮನೆಗೆ ಕರೆತಂದ ಮಾರನೆಯ ಬೆಳಿಗ್ಗೆ ಗಂಜಿ ಕುಡಿಸುತ್ತಾ ಎಲ್ಲವನ್ನೂ ಹೇಳಿದೆ. ಒಂದಕ್ಷರ ಬಿಡಲಿಲ್ಲ. "ಅಪ್ಪ ಆಗಲೇ ಹೋಗಿದ್ರು ಕಣೋ. ನೀನು ಕಾಸು ತಗೊಳ್ದೇ ಫೋನ್ ಕೊಟ್ಟಿದ್ರೂ ಅಷ್ಟೇ, ಆ ಚೀಟಿ ನೋಡಿದ್ರೂ ಅಷ್ಟೇ. ಅವಳೇ ಬಂದು ಹೇಳಿದ್ಳು. ಸಿಟ್ಟಿಗೆ ನಿನ್ನಿಂದ ಮುಚ್ಚಿಟ್ಟೆ. ಪಾಪಿ ನಾನು. ಬೈಯಿ, ಹೊಡಿ, ಏನಾದ್ರೂ ಮಾಡು" ಎಂದು ಅತ್ತೆ.

ಅವನು ಬೈಯಲಿಲ್ಲ. ಕಣ್ಣು ತುಂಬಿಕೊಂಡು, ಸರಿಯಿದ್ದ ಕೈಯಿಂದ ನನ್ನ ತಲೆ ಸವರಿದ.

"ಹುಟ್ಟಿದಾಗಿಂದ ನಿನ್ನ ಬಾಯಲ್ಲಿ ಒಂದು ಮೆತ್ತಗಿನ ಮಾತು ಕೇಳಿಲ್ಲ ನಾನು. ಇವತ್ತು ನನಗೋಸ್ಕರ ಎಷ್ಟು ದೊಡ್ಡ ಸುಳ್ಳು ಕಟ್ಟಿದೀಯಲ್ಲೇ!" ಎಂದ.

"ಸುಳ್ಳಲ್ಲ ಕಣೋ! ಅಪ್ಪನಾಣೆಗೂ ನಿಜ!"

"ನಿಜ ಆಗಿದ್ರೆ ನೀನು ಇಪ್ಪತ್ತನಾಲ್ಕು ವರ್ಷ ಸುಮ್ಮನೆ ನೋಡ್ಕೊಂಡಿರ್ತಿದ್ಯಾ? ಅಷ್ಟು ಕೆಟ್ಟವಳಲ್ಲ ನೀನು. ಸುಮ್ನಿರು, ಅಳಬೇಡ."

ಆ ಸಂಜೆ ಹೊಲಿಗೆ ಹಾಕಿದ ಹಣೆ, ಕಟ್ಟು ಹಾಕಿದ ಕೈ, ಹಾಗೆಯೇ ಹೊರಟ. ಅಂಗಿಯ ಗುಂಡಿ ಹಾಕಿಕೊಳ್ಳಲು ಆಗದೆ ನನ್ನ ಮುಂದೆ ಬಂದು ನಿಂತ, ನಾನೇ ಹಾಕಿಕೊಟ್ಟೆ. ಆ ಹೆಂಗಸನ್ನು ಹುಡುಕಿ ತಂದು ಇವನೆದುರು ನಿಲ್ಲಿಸೋಣವೆಂದರೆ ಎಲ್ಲಿಂದ ತರಲಿ? ಅವತ್ತು ನಾನು ಅವಳ ಹೆಸರು ಕೂಡ ಕೇಳಿರಲಿಲ್ಲ.