ತೊಳೆಯದ ಬದನೆಕಾಯಿ

ನುಸಿ ಎಂದರೆ ಇಲ್ಲಿ ಜೋಳಕ್ಕೆ ಹಿಡಿಯುವ ನುಸಿ ಅಲ್ಲ. ಬದನೆ ಎಲೆಯ ಕೆಳಗೆ ಬಲೆ ಕಟ್ಟಿ ರಸ ಹೀರುವ, ಕಣ್ಣಿಗೆ ಸರಿಯಾಗಿ ಕಾಣದ ಕೆಂಪು ನುಸಿ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ತಿಳಿಯಲಿಕ್ಕಿಲ್ಲ.

ಚಿಗಟೇರಿಯ ಗಂಗಮ್ಮನವರ ತೋಟಕ್ಕೆ ಈ ನುಸಿ ಬಿದ್ದಿತ್ತು. ಸಂತೆಗೆ ಒಯ್ಯಲು ಅವರಿಗಿದ್ದದ್ದು ಅದೊಂದೇ ಬದನೆ ಬೆಳೆ. ಅಂಗಡಿಯ ಔಷಧಿಗಳಿಂದ ಏನೂ ಆಗಿರಲಿಲ್ಲ. ಬೇವಿನ ಬೀಜ ಕುಟ್ಟಿ, ರಾತ್ರಿ ನೆನೆಸಿ, ಸೋಸಿದ ಕಷಾಯ ಹೊಡೆಯಿರಿ ಎಂದು ರೈತರಿಗೆ ಹೇಳುವುದು ನನ್ನ ಕೆಲಸ. ಬೆಳಿಗ್ಗೆ ಒಂದು ಸಾಲಿಗೆ ಹೊಡೆದು ತೋರಿಸಿದೆ. ಉಳಿದ ತೋಟಕ್ಕೆ ಅವರು ಒಪ್ಪಲಿಲ್ಲ.

"ಮೊದ್ಲು ಉಣ್ಣಾಕ ಬರ್ರಿ ಸರ, ಆಮ್ಯಾಲೆ ನೋಡೋಣು," ಎಂದರು.

ರೊಟ್ಟಿ, ಎಣ್ಣೆಗಾಯಿ. ಮೊದಲ ತುತ್ತಿಗೇ ಬಾಯೆಲ್ಲ ಕಹಿ. ಉಣ್ಣಲು ಕರೆದವರ ಅಡುಗೆಯಲ್ಲಿ ತಪ್ಪು ಹುಡುಕಬಾರದು ಎಂದು ನಮ್ಮ ಮನೆಯಲ್ಲಿ ಕಲಿಸಿದ್ದರು.

"ಹೆಂಗೈತ್ರಿ?"

"ಕಹಿ ಐತ್ರಿ ಅಮ್ಮಾ." ಬಾಯಿ ತಪ್ಪಿ ಬಂದುಬಿಟ್ಟಿತು.

ಅವರು ಸೆರಗು ಬಾಯಿಗೆ ಹಿಡಿದು ನಕ್ಕರು. "ನೀವು ಹೊಡೆದ ಸಾಲಿಂದ ಕಿತ್ತು, ತೊಳೀದೇ ಮಾಡೀನ್ರಿ. ಔಷಧಿ ಮಾರೋರು ಏನು ಕೊಟ್ರೂ ಚಲೋ ಐತಿ ಅಂತಾರ. ನೀವೂ ಹಂಗ ಅಂದಿದ್ರ ನಿಮ್ಮ ಕಷಾಯ ತಿಪ್ಪಿಗೆ ಚೆಲ್ತಿದ್ದೆ!"

ಅಂದೇ ಸಂಜೆ ಇಡೀ ತೋಟಕ್ಕೆ ಹೊಡೆದೆವು. ಹೊಸ ಚಿಗುರು ಹಸಿರಾಗಿಯೇ ಬಂತು. ಆಮೇಲೆ ನಾನು ಹೋದಾಗಲೆಲ್ಲ ಎಣ್ಣೆಗಾಯಿ ಬಡಿಸಿ, "ಕಹಿ ಐತೇನ್ರಿ?" ಎಂದು ಕೇಳುತ್ತಿದ್ದರು. ಇಲ್ಲ ಎನ್ನುತ್ತಿದ್ದೆ, ಅದು ನಿಜವೇ. ಉಪ್ಪು ಮಾತ್ರ ಹೆಚ್ಚಾಗಿರುತ್ತಿತ್ತು. ಅದನ್ನು ಅವರು ಕೇಳಲಿಲ್ಲ.