ಚೆಂಡುಹೂವಿನ ಗುಳಿಗೆ

ಹರವೆಯ ಕಬಡ್ಡಿ ಪಂದ್ಯದಲ್ಲಿ ಎದುರಾಳಿಯೊಬ್ಬನ ಮೊಣಕಾಲು ನನ್ನ ತಮ್ಮನ ಹಣೆಗೆ ಬಡಿಯಿತು. ಆವತ್ತಿನಿಂದ ಅವನಿಗೆ ತಲೆನೋವು, ಕಣ್ಣು ಮಂಜು. ಆಟ ಬಿಡಲೇಬೇಕೆಂದು ಚಾಮರಾಜನಗರದ ಡಾಕ್ಟರು ಹೇಳಿದರು. ಅವನು ಬಿಡಲಿಲ್ಲ. ಜೊತೆಯ ಆಟಗಾರರೆಲ್ಲ ನುಂಗುತ್ತಾರೆಂದು ಮಿದುಳಿಗೊಂದು, ಕಣ್ಣಿಗೊಂದು ಗುಳಿಗೆ ಡಬ್ಬಿ ತಂದ.

ಕಣ್ಣಿನ ಗುಳಿಗೆ ಚೆಂಡುಹೂವಿನ ಸತ್ವದ್ದು. ಗುಂಡ್ಲುಪೇಟೆ ರಸ್ತೆಯ ನಮ್ಮ ಹೊಲದ ತುಂಬ ಅದೇ ಹೂವು. ಕೊಯ್ದದ್ದನ್ನೆಲ್ಲ ಸತ್ವ ತೆಗೆಯುವ ಕಾರ್ಖಾನೆಯ ಲಾರಿ ತುಂಬಿಕೊಂಡು ಹೋಗುತ್ತದೆ. ಇದು ಗೊತ್ತಾದ ಮೇಲೆ ಅವ್ವನನ್ನು ಹಿಡಿಯುವವರಿಲ್ಲ. "ನಮ್ಮೊಲದ್ ಊವೇ ಕಣಮ್ಮಿ, ಕೈ ಬುಟ್ಟದಾ?" ಎನ್ನುತ್ತ ಗುಳಿಗೆಯನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ಅವನಿಗೆ ಕೊಡುತ್ತಾಳೆ. ಅವನು ನುಂಗಿ ಮತ್ತೆ ಆಟಕ್ಕೆ ಹೊರಡುತ್ತಾನೆ. ಗುಳಿಗೆ ಏಟು ತಡೆಯುವುದಿಲ್ಲ ಎಂದು ನಾನು ಕೂಗಾಡಿದೆ. ಡಬ್ಬಿಯನ್ನು ಹಿತ್ತಿಲಿಗೆ ಎಸೆದೆ. ಅವ್ವ ಒಂದೊಂದೇ ಗುಳಿಗೆ ಆರಿಸಿ, ಸೆರಗಿನಲ್ಲಿ ಒರೆಸಿ ತಂದಳು.

ನಿನ್ನೆ ಮಧ್ಯಾಹ್ನ ಅವನು ಹೊಲದ ಬದುವಿನ ಮೇಲೆ ನನ್ನ ಪಕ್ಕ ಬಂದು ಕೂತ. ಉರಿಬಿಸಿಲು. ಎದುರಿಗೆ ಹೊಲವೆಲ್ಲ ಹಳದಿಯೋ ಹಳದಿ. ಕಣ್ಣು ಕಿರಿದು ಮಾಡಿ ಅತ್ತ ಸ್ವಲ್ಪ ಹೊತ್ತು ನೋಡಿ ಕೇಳಿದ:

"ಏನಕ್ಕಾ, ಊವೆಲ್ಲಾ ಕುಯ್ದ್ಬುಟ್ರಾ?"