ಲೊವೆಲ್ ಬಿಟ್ಟುಹೋದ ಪಾಯಿಂಟುಗಳು

ವೆಲ್ಡಾ ಹಾರ್ಕ್‌ನೆಸ್‌ಳ ಅಡುಗೆಮನೆಯಲ್ಲಿ ಕಾಫಿ ಲೋಟಗಳ ಕಪಾಟು ತೆರೆದರೆ ಬಾಗಿಲಿನ ಒಳಬದಿಗೆ ಟೇಪು ಹಚ್ಚಿ ಅಂಟಿಸಿದ ಒಂದು ಕಾಗದ ಕಾಣುತ್ತಿತ್ತು. ಇಪ್ಪತ್ತೆರಡು ವರ್ಷಗಳ ಹಿಂದೆ ಅವಳ ಗಂಡ ಲೊವೆಲ್ ಅಂಟಿಸಿದ್ದು. ಮೇಲೆ ತಿಂಗಳುಗಳು, ಪಕ್ಕದಲ್ಲಿ ಕೋಣೆಗಳು, ನಡುವೆ ತುಂಬ ಅಂಕಿಗಳು. ಜೂನ್ ತಿಂಗಳಲ್ಲಿ, ಸಮುದ್ರದ ಎದುರಿಗಿರುವ ಮೂರು ಕೋಣೆಯ ಮನೆಗೆ, ವಾರಕ್ಕೆ ಒಂದು ಲಕ್ಷ ಐದು ಸಾವಿರ ಪಾಯಿಂಟು ಎಂದಿದ್ದ ಕಡೆ ಕೆಂಪು ಪೆನ್ನಿನಿಂದ ಎರಡು ಸುತ್ತು ಹಾಕಿದ್ದ. ಅವರು ಪಾಲು ಕೊಂಡಿದ್ದ ರೆಸಾರ್ಟಿನವರು ಬಂದು ತಂಗಲೆಂದು ಅವರಿಗೆ ವರ್ಷಕ್ಕೆ ಕೊಡುತ್ತಿದ್ದ ಪಾಯಿಂಟೂ ಸರಿಯಾಗಿ ಅಷ್ಟೇ. ಮನುಷ್ಯ ಜೀವನದಲ್ಲಿ ಒಂದು ಸಲ ಜಾಣ ವ್ಯಾಪಾರ ಮಾಡಿದರೆ ಅದನ್ನು ದಿನಾ ಕಾಫಿ ಕುಡಿಯುವಾಗ ನೋಡಬೇಕು ಎನ್ನುವುದು ಅವನ ವಾದ.

ವೆಲ್ಡಾಳಿಗೆ ಅಂಕಿಗಳ ಮೇಲೆ ಅಂಥ ಮೋಹವಿರಲಿಲ್ಲ. ಓಹಾಯೊ ನದಿಯ ದಂಡೆಯ ಸಣ್ಣ ಊರಿನಲ್ಲಿ ಇಪ್ಪತ್ತೊಂಬತ್ತು ವರ್ಷ ಶಾಲೆಯ ಹಳದಿ ಬಸ್ಸು ಓಡಿಸಿದವಳು ಅವಳು. ಅವಳು ಎಣಿಸಿದ್ದು ತಲೆಗಳನ್ನು ಮಾತ್ರ. ಎಲ್ಲರೂ ಕೂರುವ ತನಕ ಬಸ್ಸು ಒಂದಿಂಚೂ ಅಲುಗುತ್ತಿರಲಿಲ್ಲ. ಇಬ್ಬರು ಮಕ್ಕಳು ಜಗಳವಾಡಿದರೆ ಬೇರೆ ಡ್ರೈವರುಗಳು ಒಬ್ಬನನ್ನು ಮುಂದೆ, ಇನ್ನೊಬ್ಬನನ್ನು ಹಿಂದೆ ಕೂರಿಸುತ್ತಿದ್ದರು. ಇವಳು ಇಬ್ಬರನ್ನೂ ತಂದು ತನ್ನ ಬೆನ್ನ ಹಿಂದಿನ ಸೀಟಿನಲ್ಲಿ ಒಟ್ಟಿಗೇ ಕೂರಿಸಿ, ಕನ್ನಡಿಯಲ್ಲಿ ಒಂದು ಕಣ್ಣಿಡುತ್ತಿದ್ದಳು. ಹೆಚ್ಚಿನವರು ತಮ್ಮ ಮನೆ ಬರುವಷ್ಟರಲ್ಲಿ ರಾಜಿಯಾಗಿರುತ್ತಿದ್ದರು, ಆಗದವರು ಮಾರನೆಯ ದಿನವೂ ಅದೇ ಸೀಟಿನಲ್ಲಿ ಕೂರುತ್ತಿದ್ದರು.

ಮಿರ್ಟಲ್ ಬೀಚಿನ ಆ ರೆಸಾರ್ಟಿನಲ್ಲಿ ಅವರು ಪಾಲು ಕೊಂಡದ್ದು ಮಕ್ಕಳಿನ್ನೂ ಶಾಲೆಯಲ್ಲಿದ್ದಾಗ. ಬಿಟ್ಟಿ ತಿಂಡಿ, ಜೊತೆಗೆ ಊಟ ಸಹಿತ ಕುದುರೆ ಪ್ರದರ್ಶನದ ಟಿಕೆಟು ಕೊಡುತ್ತೇವೆ, ಒಂದೂವರೆ ಗಂಟೆ ನಮ್ಮ ಮಾತು ಕೇಳಿ ಅಂದರು. ಒಂದೂವರೆ ಗಂಟೆ ನಾಲ್ಕು ಗಂಟೆಯಾಯಿತು. ಹೊರಗೆ ಬರುವಾಗ ಲೊವೆಲ್‌ನ ಕೈಯಲ್ಲಿ ಪ್ರತಿ ವರ್ಷದ ಇಪ್ಪತ್ನಾಲ್ಕನೆಯ ವಾರ ತಂಗುವ ಹಕ್ಕಿತ್ತು, ಮೂರನೆಯ ಮಹಡಿಯ ಮೂಲೆಯ ಮನೆಯಲ್ಲಿ, ತಮ್ಮ ಕಾಲಕ್ಕೂ ಮಕ್ಕಳ ಕಾಲಕ್ಕೂ. ಆ ವಾರ ಕೊಂಡವರೆಲ್ಲ ಪ್ರತಿ ಜೂನಿನಲ್ಲೂ ಅದೇ ದಿನ ಬಂದಿಳಿಯುತ್ತಿದ್ದರು. ತಮ್ಮನ್ನು ತಾವೇ ಇಪ್ಪತ್ನಾಲ್ಕರವರು ಎಂದು ಕರೆದುಕೊಳ್ಳುತ್ತಿದ್ದರು. ಗುರುವಾರ ಸಂಜೆ ಈಜುಕೊಳದ ಪಕ್ಕ ಎಲ್ಲರೂ ಒಂದೊಂದು ಪಾತ್ರೆ ತಂದು ಒಟ್ಟಿಗೆ ಉಣ್ಣುತ್ತಿದ್ದರು. ಮಗ ಗಾರ್ತ್ ಈಜು ಕಲಿತದ್ದು ಅಲ್ಲಿ, ಮಗಳು ಟ್ವೈಲಾ ಮೊದಲ ಸಲ ತುಟಿಗೆ ಬಣ್ಣ ಹಚ್ಚಿದ್ದೂ ಅಲ್ಲೇ.

ಹನ್ನೆರಡು ವರ್ಷ ಹೀಗೆ ನಡೆದ ಮೇಲೆ ರೆಸಾರ್ಟಿನವರು ಮತ್ತೊಂದು ಬಿಟ್ಟಿ ತಿಂಡಿಗೆ ಕರೆದರು. ಒಂದೇ ವಾರ, ಒಂದೇ ಮನೆ ಅಂತ ಯಾಕೆ ಕಟ್ಟಿಹಾಕಿಕೊಳ್ಳುತ್ತೀರಿ, ವಾರ ಕೊಟ್ಟು ಪಾಯಿಂಟು ತಗೊಳ್ಳಿ, ಬೇಕಾದಾಗ ಬೇಕಾದ ಕಡೆ ಹೋಗಿ ಎಂದರು. ಅಷ್ಟೇ ಪಾಯಿಂಟಿಗೆ ಮೂರು ಕೋಣೆಯ ಮನೆಯೂ ಸಿಗುತ್ತದೆ ಎಂದು ಪಟ್ಟಿ ತೋರಿಸಿದರು. ಮುಂದೆಯೂ ಇಷ್ಟಕ್ಕೆ ಇದೇ ಸಿಗುತ್ತಾ ಎಂದು ವೆಲ್ಡಾ ಕೇಳಿದ್ದಳು. ಉತ್ತರ ಕೊಟ್ಟದ್ದು ಮಾರುವವನಲ್ಲ, ಲೊವೆಲ್.

"ಪಾಯಿಂಟೇನು ಆಲೂಗಡ್ಡೆನಾ ಕೊಳೆಯೋಕೆ? ಸುಮ್ನೆ ಸೈನ್ ಹಾಕೇ," ಎಂದಿದ್ದ.

ಇಪ್ಪತ್ನಾಲ್ಕರವರಲ್ಲಿ ಕೆಳಮಹಡಿಯ ಇರ್ಮಾ ಝೆಲಿನ್ಸ್ಕಿ ಮಾತ್ರ ಆ ತಿಂಡಿಗೆ ಹೋಗಲೇ ಇಲ್ಲ. ಪಿಟ್ಸ್‌ಬರ್ಗಿನಲ್ಲಿ ಬಟ್ಟೆ ಹೊಲಿದು ಬದುಕಿದ ಹೆಂಗಸು. ತನ್ನ ಬಾಲ್ಕನಿಯಲ್ಲಿ ಬೇಯಿಸಿದ ಮೊಟ್ಟೆ ಸುಲಿದು ತಿನ್ನುತ್ತ, ನನಗೆ ನನ್ನ ಬಾಗಿಲಿನ ನಂಬರು ಸಾಕು ಎಂದಿದ್ದಳು. ಅವಳಿಗೆ ಬುದ್ಧಿ ಕಮ್ಮಿ ಎಂದು ಲೊವೆಲ್ ವರ್ಷಗಟ್ಟಲೆ ನಗುತ್ತಿದ್ದ.

ಲೊವೆಲ್ ಹಾಸಿಗೆ ಹಿಡಿದು ಮೂರು ವರ್ಷ ನರಳಿ ತೀರಿಕೊಂಡ. ಮಣ್ಣು ಮಾಡಿದ ದಿನ ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಹ್ಯಾಮು, ಆಲೂಗಡ್ಡೆ ಸಲಾಡು ಬಡಿಸುತ್ತಿದ್ದಾಗ ಗಾರ್ತ್ ತಂಗಿಯ ಹತ್ತಿರ ಬಂದು, ಅಪ್ಪನ ಆ ಪಾಯಿಂಟು ಅಮ್ಮನ ಕಾಲಕ್ಕೆ ಮುಗಿಯಬೇಕು, ನಮಗೆ ಬೇಡ ಅಂತ ಬರೆದುಕೊಡೋದಕ್ಕೆ ಒಂದು ಕಾಗದ ಇದೆಯಂತೆ, ವಕೀಲರನ್ನು ಕೇಳಿದ್ದೇನೆ ಎಂದ. ವರ್ಷ ವರ್ಷ ಕಟ್ಟಬೇಕಾದ ನಿರ್ವಹಣೆಯ ಹಣ ಏರುತ್ತಲೇ ಹೋಗುತ್ತದೆ ಎನ್ನುವುದು ಅವನ ಹೆದರಿಕೆ. ಅದು ತಪ್ಪಲ್ಲ. ಆದರೆ ಅದಕ್ಕೂ ಒಂದು ಹೊತ್ತು ಗೊತ್ತು ಬೇಡವೇ?

"ಅಪ್ಪನ ಮೇಲೆ ಹಾಕಿದ ಮಣ್ಣಿನ್ನೂ ಹಸಿ ಇದೆ, ಆಗ್ಲೇ ಅವನು ಬಿಟ್ಟುಹೋಗಿದ್ದು ಕಸ ಅಂತೀಯಾ?" ಎಂದಳು ಟ್ವೈಲಾ.

"ಕಸ ಅಂದೆನಾ? ಆದ್ರೆ ಹೌದು, ಕಸಾನೇ."

ಅಷ್ಟೇ. ಅಣ್ಣ ತಂಗಿ ಹದಿನೈದು ತಿಂಗಳು ಮಾತಾಡಲಿಲ್ಲ. ಕ್ರಿಸ್‌ಮಸ್ಸಿಗೆ ಒಬ್ಬ ಬೆಳಿಗ್ಗೆ ಬಂದ, ಒಬ್ಬಳು ಸಂಜೆ ಬಂದಳು. ವೆಲ್ಡಾ ಎರಡು ಸಲ ಟರ್ಕಿ ಕೋಳಿ ಬಿಸಿ ಮಾಡಿದಳು. ತನ್ನ ಕಾಲಕ್ಕೂ ಇದು ಹೀಗೇ ಉಳಿದರೆ ಮಣ್ಣು ಹಾಕಲು ಇಬ್ಬರೂ ಒಂದೇ ಹೊತ್ತಿಗೆ ಬರುತ್ತಾರೋ ಇಲ್ಲವೋ ಎನ್ನುವ ಯೋಚನೆ ಅವಳನ್ನು ಕೊರೆಯತೊಡಗಿತು.

ವಸಂತದಲ್ಲೊಂದು ಬೆಳಿಗ್ಗೆ ಕಾಫಿ ಲೋಟಕ್ಕೆ ಕೈಹಾಕಿದವಳು ಆ ಕೆಂಪು ಸುತ್ತಿನ ಮುಂದೆ ನಿಂತಳು. ಇಬ್ಬರಿಗೂ ಫೋನು ಮಾಡಿ, ಅಪ್ಪನ ಪಾಯಿಂಟಿನಲ್ಲಿ ಜೂನಿಗೆ ಏಳು ದಿನ ಸಮುದ್ರಕ್ಕೆ ಹೋಗೋಣ, ನಾವು ಮೂವರೇ, ಬರುವುದಿಲ್ಲ ಎಂದವರು ಇನ್ನು ನನ್ನ ಮನೆಗೂ ಬರಬೇಡಿ ಎಂದಳು. ಏಳು ದಿನ ಎಂದು ಒತ್ತಿ ಒತ್ತಿ ಹೇಳಿದಳು. ಅದಕ್ಕೊಂದು ಲೆಕ್ಕವಿತ್ತು. ಈ ಮಕ್ಕಳ ಯಾವ ಜಗಳವೂ ರಜೆಯಲ್ಲಿ ಬುಧವಾರಕ್ಕಿಂತ ಮೊದಲು ಮುಗಿಯುವುದಿಲ್ಲ, ನಗು ಶುರುವಾಗುವುದು ಗುರುವಾರದಿಂದ ಎಂದು ಲೊವೆಲ್ ಹೇಳುತ್ತಿದ್ದ.

ಇಬ್ಬರೂ ಗೊಣಗಿಕೊಂಡು ಒಪ್ಪಿದ ಮೇಲೆ ಕೋಣೆ ಕಾದಿರಿಸಲು ರೆಸಾರ್ಟಿಗೆ ಮೊದಲ ಸಲ ತಾನೇ ಫೋನು ಮಾಡಿದಳು, ಅಷ್ಟು ವರ್ಷ ಅದು ಲೊವೆಲ್‌ನ ಕೆಲಸವಾಗಿತ್ತು. ಆ ಕಡೆಯ ಹುಡುಗಿ ಬಹಳ ಸಿಹಿಯಾಗಿ ಮಾತಾಡಿದಳು. ಈಗ ಆ ಮನೆಗೆ ಜೂನಿನಲ್ಲಿ ವಾರಕ್ಕೆ ಒಂದು ಲಕ್ಷ ಎಂಬತ್ತೆರಡು ಸಾವಿರ ಪಾಯಿಂಟು, ಪಟ್ಟಿ ಆಗಾಗ ಬದಲಾಗುತ್ತದೆ, ನಿಮ್ಮ ಪಾಯಿಂಟಿಗೆ ನಾಲ್ಕು ರಾತ್ರಿ ಸಿಗುತ್ತದೆ ಎಂದಳು. ಗಂಡ ಮಲಗಿದ್ದ ಮೂರು ವರ್ಷ ನಾವು ಎಲ್ಲಿಗೂ ಹೋಗಿಲ್ಲ, ಆ ಪಾಯಿಂಟು ಇರಬೇಕಲ್ಲ ಎಂದು ವೆಲ್ಡಾ ಕೇಳಿದಳು. ಮುಂದಿನ ವರ್ಷಕ್ಕೆ ಸೇರಿಸಿ ಎಂದು ಗಡುವಿನೊಳಗೆ ತಿಳಿಸಬೇಕಿತ್ತು, ತಿಳಿಸಿಲ್ಲ, ಹಾಗಾಗಿ ಅವು ಹೋದವು ಎಂದಳು ಹುಡುಗಿ. ಆ ಮೂರು ವರ್ಷದಲ್ಲಿ ವೆಲ್ಡಾಳಿಗೆ ಗೊತ್ತಿದ್ದ ಗಡುವು ಮಾತ್ರೆಗಳದ್ದು ಮಾತ್ರ.

ಚಿಕ್ಕ ಮನೆಯಾದರೂ ಇದೆಯೇ ಎಂದರೆ ಅದೂ ಇಲ್ಲ, ಜೂನು ತುಂಬಿಹೋಗಿತ್ತು. ಆಗಲಿ, ನಾಲ್ಕೇ ಕೊಡಿ, ಭಾನುವಾರದಿಂದ ಗುರುವಾರ ಬೆಳಗಿನ ತನಕ ಎಂದಳು. ಮಕ್ಕಳಿಗೆ ಹೇಳಲಿಲ್ಲ. ಹೇಳಿದರೆ ಗಾರ್ತ್ ಗೆದ್ದ ಹಾಗೆ, ಸತ್ತ ಗಂಡ ಸೋತ ಹಾಗೆ, ಟ್ವೈಲಾ ಇನ್ನೊಂದು ವರ್ಷ ಅತ್ತ ಹಾಗೆ. ಅಪ್ಪ ಬಿಟ್ಟುಹೋದದ್ದಕ್ಕೆ ಬೆಲೆಯಿದೆ ಎಂದು ತೋರಿಸಲು ಹೊರಟವಳು ಅವಳು. ಬುಧವಾರದ ತನಕ ಹೇಗೋ ನಡೆಯಲಿ, ಆಮೇಲೆ ನೋಡೋಣ ಎಂದುಕೊಂಡಳು.

ಒಂದೇ ಗಾಡಿಗೆ ಜಾಗ ಕೊಡುತ್ತಾರಂತೆ ಎಂದು ಸುಳ್ಳು ಹೇಳಿ ಇಬ್ಬರನ್ನೂ ತನ್ನ ವ್ಯಾನಿಗೇ ಹತ್ತಿಸಿಕೊಂಡಳು. ಗಾರ್ತ್ ಮುಂದಿನ ಸೀಟಿನಲ್ಲಿ, ಟ್ವೈಲಾ ಕಟ್ಟಕಡೆಯ ಸಾಲಿನಲ್ಲಿ. ಹನ್ನೊಂದು ಗಂಟೆಯ ದಾರಿಯುದ್ದಕ್ಕೂ ಎಲ್ಲ ಮಾತೂ ಅಮ್ಮನ ಮೂಲಕವೇ ಹೋಗಬೇಕು. ಏಸಿ ಕಮ್ಮಿ ಮಾಡೋಕೆ ಹೇಳು ಎಂದು ಹಿಂದಿನಿಂದ. ಸ್ವೆಟರ್ ಹಾಕ್ಕೊಳೋಕೆ ಹೇಳು ಎಂದು ಮುಂದಿನಿಂದ. ರೆಸಾರ್ಟಿನಲ್ಲಿ ಕೀಲಿಯ ಜೊತೆ ಕೊಟ್ಟ ಗಾಡಿ ನಿಲ್ಲಿಸುವ ಚೀಟಿಯನ್ನು ವೆಲ್ಡಾ ಕನ್ನಡಿಗೆ ನೇತುಹಾಕಿದಳು. ಜನ್ಮವಿಡೀ ಕನ್ನಡಿಯಲ್ಲಿ ಹಿಂದೆ ಕೂತವರನ್ನು ನೋಡಿದ ಅಭ್ಯಾಸ, ಕನ್ನಡಿಗೆ ತೂಗಿದ್ದನ್ನು ನೋಡುವ ಅಭ್ಯಾಸವಿಲ್ಲ.

ಸೋಮವಾರ ಬೆಳಿಗ್ಗೆ ಇರ್ಮಾಳ ಜೊತೆ ಮರಳಿನಲ್ಲಿ ನಡೆದಳು. ಇರ್ಮಾಳಿಗೆ ಈಗ ಎಂಬತ್ಮೂರು. ಅವಳ ಇಪ್ಪತ್ನಾಲ್ಕನೆಯ ವಾರ ಅವಳ ಹತ್ತಿರ ಹಾಗೇ ಇತ್ತು, ಶನಿವಾರದಿಂದ ಶನಿವಾರ, ಒಂದು ದಿನವೂ ಕಳೆಯದೆ. ವೆಲ್ಡಾ ಅವಳೊಬ್ಬಳಿಗೆ ಎಲ್ಲ ಹೇಳಿಕೊಂಡಳು. ನೀನೇ ಜಾಣೆ ಕಣೇ, ನಾವು ಪಾಯಿಂಟು ತಗೊಂಡು ಕೆಟ್ಟೆವು ಎಂದಳು.

"ನನ್ನ ವಾರ ಹಾಗೇ ಇದೆ. ಬರೋವ್ರೇ ಉಳಿದಿಲ್ಲ," ಎಂದಳು ಇರ್ಮಾ. "ಹೋದ ವರ್ಷ ಗುರುವಾರ ಪಾತ್ರೆ ತಗೊಂಡು ಇಳಿದ್ರೆ ಈಜುಕೊಳದ ಹತ್ರ ನಾನೊಬ್ಬಳೇ. ಬೀನ್ಸ್ ಪೂರ್ತಿ ವಾಪಸ್ ತಗೊಂಡು ಬಂದೆ."

ಆ ಮಾತು ಕೇಳಿ ವೆಲ್ಡಾಳಿಗೆ ತನ್ನ ಕಷ್ಟ ಸ್ವಲ್ಪ ಚಿಕ್ಕದೆನಿಸಿತು, ಆದರೆ ಕಳೆಯಲಿಲ್ಲ.

ಮನೆಯಲ್ಲಿ ಮಾತ್ರ ಏನೂ ಕರಗುತ್ತಿರಲಿಲ್ಲ. ಉಪ್ಪು ಕೊಡೋಕೆ ಹೇಳು, ಬಾಗಿಲು ಹಾಕೋಕೆ ಹೇಳು. ಗಾರ್ತ್ ಕಿರುಗುಟ್ಟುವ ಫ್ಯಾನು ಬಿಚ್ಚಿ ಸರಿಮಾಡಿದ. ಟ್ವೈಲಾ ಸಿಗಡಿ, ಜೋಳದ ತೆನೆ ಬೇಯಿಸಿ ಮೇಜಿಗೆ ಸುರಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತಿಂದರು. ಸೋಮವಾರ ಸಂಜೆ ಐಸು ತರುತ್ತೇನೆಂದು ಹೋದ ಟ್ವೈಲಾ ಮುಕ್ಕಾಲು ಗಂಟೆ ಬರಲಿಲ್ಲ, ಅಡ್ಡಾಡಲು ಹೋಗಿದ್ದ ಗಾರ್ತ್ ಮರಳಿದ ಮೇಲೆಯೇ ಬಂದಳು, ಆಗ ಬಕೆಟ್ಟಿನಲ್ಲಿದ್ದದ್ದು ಅರ್ಧ ನೀರು. ಅಣ್ಣನ ಮುಖ ನೋಡಲಾರದೆ ಹೊರಗೆ ಕೂತು ಬಂದಿದ್ದಾಳೆ ಎಂದುಕೊಂಡು ವೆಲ್ಡಾ ಮರುಗಿದಳು. ಮಂಗಳವಾರ ಹೋಯಿತು. ಬುಧವಾರ ಸಂಜೆಯಾದರೂ ಲೊವೆಲ್‌ನ ಮಾತು ನಿಜವಾಗಲಿಲ್ಲ.

ಬಾಲ್ಕನಿಯಲ್ಲಿ ಮೂವರೂ ಕೂತಿದ್ದಾಗ ಇನ್ನು ಹೇಳದೆ ವಿಧಿಯಿಲ್ಲವೆಂದು ಬಾಯಿಬಿಟ್ಟಳು. ಸಮುದ್ರದ ಕಡೆ ನೋಡಿಕೊಂಡೇ ಹೇಳಿದಳು.

"ನಾಳೆ ಹತ್ತು ಗಂಟೆಗೆ ನಾವು ಖಾಲಿ ಮಾಡ್ಬೇಕು. ಅಪ್ಪನ ಪಾಯಿಂಟಿಗೆ ಬಂದಿದ್ದು ನಾಲ್ಕೇ ರಾತ್ರಿ. ನಾನು ಹಳೇ ಪಟ್ಟಿ ನೋಡಿ ನಿಮಗೆ ಏಳು ಅಂದುಬಿಟ್ಟೆ. ಬೈಯೋದಿದ್ರೆ ನನ್ನ ಬೈರಿ, ಅವನನ್ನ ಬೈಬೇಡಿ."

ಯಾರೂ ಬೈಯಲಿಲ್ಲ. ಗಾರ್ತ್ ತಂಗಿಯ ಕಡೆ ನೋಡಿದ. ಟ್ವೈಲಾ ಅಣ್ಣನ ಕಡೆ ನೋಡಿ, ನೀನೇ ಹೇಳು ಎಂದಳು. ನೇರವಾಗಿ ಅವನಿಗೇ ಹೇಳಿದಳು, ಅಮ್ಮನಿಗಲ್ಲ.

"ನಮಗೆ ಭಾನುವಾರಾನೇ ಗೊತ್ತಿತ್ತಮ್ಮ," ಎಂದ ಗಾರ್ತ್. "ಕನ್ನಡಿಗೆ ನೇತುಹಾಕಿದ್ಯಲ್ಲ ಚೀಟಿ, ಅದ್ರಲ್ಲಿ ಗುರುವಾರ ಖಾಲಿ ಅಂತ ಇಷ್ಟು ದಪ್ಪಕ್ಷರದಲ್ಲಿದೆ. ಇವಳಿಗೆ ಕೊನೇ ಸಾಲಿಂದಾನೇ ಕಂಡಿದೆ."

ಸೋಮವಾರ ಐಸಿನ ಯಂತ್ರದ ಹತ್ತಿರ ಇಬ್ಬರೂ ಎದುರಾಗಿದ್ದರು. ಚೀಟಿ ನೋಡಿದೆಯಾ ಎಂದು ಅವನು ಕೇಳಿದ್ದ. ನೋಡಿದೆ, ಅಮ್ಮನಿಗೆ ಹೇಳಬೇಡ, ಒದ್ದಾಡುತ್ತಾಳೆ ಎಂದು ಅವಳು ಹೇಳಿದ್ದಳು. ಹದಿನೈದು ತಿಂಗಳಲ್ಲಿ ಅದೇ ಮೊದಲ ಮಾತು. ಅಲ್ಲಿಂದ ಇಬ್ಬರೂ ಸೇರಿ ಇರ್ಮಾಳ ಬಾಗಿಲು ತಟ್ಟಿ, ಶನಿವಾರದ ತನಕ ನಮ್ಮನ್ನು ಇಟ್ಟುಕೊಳ್ಳುತ್ತೀರಾ ಎಂದು ಕೇಳಿ ಒಪ್ಪಿಸಿ ಬಂದಿದ್ದರು. ಅಮ್ಮ ಅಷ್ಟು ಕಷ್ಟಪಟ್ಟು ಮುಚ್ಚಿಡುತ್ತಿರುವಾಗ ತಾವು ತಟಕ್ಕನೆ ರಾಜಿಯಾಗಿಬಿಟ್ಟರೆ ಗುಟ್ಟು ಒಡೆಯುತ್ತದೆ ಎಂದು ಉಪ್ಪು ಕೊಡೋಕೆ ಹೇಳು ನಾಟಕ ಮುಂದುವರಿಸಿದ್ದರು.

"ಮೂರು ದಿನ ನನ್ನ ಸುಮ್ನೆ ಒದ್ದಾಡೋಕೆ ಬಿಟ್ಟಿರಲ್ರೋ," ಎಂದಳು ವೆಲ್ಡಾ. ಸಿಟ್ಟಿನಿಂದ ಹೇಳಬೇಕೆಂದುಕೊಂಡ ಮಾತು, ಆದರೆ ಅಳು ಬಂತು. ಅತ್ತಳು. ಅತ್ತು ಹಗುರಾದಳು.

ಗುರುವಾರ ಹತ್ತು ಗಂಟೆಗೆ ಗಂಟುಮೂಟೆ ಹೊತ್ತು ಕೆಳಮಹಡಿಗೆ ಇಳಿದರು. ಇರ್ಮಾಳದ್ದು ಒಂದೇ ಕೋಣೆ. ಮುದುಕಿಯರಿಬ್ಬರು ಮಂಚದ ಮೇಲೆ, ಟ್ವೈಲಾ ಸೋಫಾದ ಮೇಲೆ, ಗಾರ್ತ್ ಅದರ ಬುಡದಲ್ಲಿ ನೆಲದ ಮೇಲೆ. ಸಂಜೆ ಈಜುಕೊಳದ ಪಕ್ಕ ಬೀನ್ಸಿನ ಪಾತ್ರೆಯ ಸುತ್ತ ನಾಲ್ಕು ಜನ ಕೂತರು, ಇರ್ಮಾ ಪಾತ್ರೆ ಖಾಲಿಯಾದದ್ದನ್ನು ಎರಡು ಸಲ ಬಗ್ಗಿ ನೋಡಿದಳು. ಶುಕ್ರವಾರ ಗಾರ್ತ್ ವಕೀಲರ ಆ ಕಾಗದದ ಮಾತೆತ್ತಿದ. ಕಸ ಅಂದದ್ದು ತಪ್ಪು, ಆದರೆ ಬೇಡ ಅನ್ನುವುದು ಈಗಲೂ ನಿಜ ಎಂದ. ಟ್ವೈಲಾ ತನಗೂ ಬೇಡ ಎಂದಳು. ಊರಿಗೆ ಹೋದ ಮೇಲೆ ತಾನೇ ರೆಸಾರ್ಟಿಗೆ ಬರೆದು, ವಾಪಸು ತಗೊಳ್ಳುತ್ತಾರೋ ಕೇಳುವುದಾಗಿ ವೆಲ್ಡಾ ಹೇಳಿದಳು. ಕಪಾಟಿನ ಬಾಗಿಲಿನ ಪಟ್ಟಿಯನ್ನು ಮಾತ್ರ ಕೀಳುವುದಿಲ್ಲ ಎಂದಳು, ಅದಕ್ಕೆ ಯಾರೂ ಎದುರಾಡಲಿಲ್ಲ.

ಶನಿವಾರ ಇರ್ಮಾಳನ್ನು ಅಪ್ಪಿಕೊಂಡು ವ್ಯಾನು ಹತ್ತಿದರು. ವೆಲ್ಡಾ ಕನ್ನಡಿಯಿಂದ ಚೀಟಿ ತೆಗೆದು ಪರ್ಸಿನಲ್ಲಿಟ್ಟುಕೊಂಡಳು. ಪಕ್ಕದ ಸೀಟು ಖಾಲಿಯಿತ್ತು, ಹಿಂದಿನ ಕೊನೆಯ ಸಾಲೂ ಖಾಲಿಯಿತ್ತು. ಅಣ್ಣ ತಂಗಿ ಇಬ್ಬರೂ ಅವಳ ಬೆನ್ನ ಹಿಂದಿನ ಸೀಟಿನಲ್ಲಿ ಒಟ್ಟಿಗೆ ಕೂತು, ಚಿಪ್ಸ್ ಪೊಟ್ಟಣ ಯಾರ ತೊಡೆಯ ಮೇಲಿರಬೇಕೆಂದು ಕಚ್ಚಾಡುತ್ತಿದ್ದರು.

ಅವಳು ಕನ್ನಡಿಯಲ್ಲಿ ಎರಡು ತಲೆ ಎಣಿಸಿ ಗಾಡಿ ಹೊರಡಿಸಿದಳು.